ಬಾಮೈದ ತಿಂದ ರೂಪಕ

ಪಾಲಯ್ಯ ಆರು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತು ಆರು ಸಲವೂ ಡುಮ್ಕಿ ಹೊಡೆದದ್ದು ಕನ್ನಡದಲ್ಲಿ. ಗಣಿತದಲ್ಲಲ್ಲ, ಇಂಗ್ಲಿಷಿನಲ್ಲಲ್ಲ. ಇಂಗ್ಲಿಷಿನಲ್ಲಿ ಐವತ್ತೊಂದು ತೆಗೆದಿದ್ದ ಮಹಾನುಭಾವ, ಹುಟ್ಟಿದಾಗಿನಿಂದ ಆಡುತ್ತ, ಬೈಯುತ್ತ, ಕುರಿ ಕರೆಯುತ್ತ ಬಂದ ಭಾಷೆಯಲ್ಲಿ ತೆಗೆದದ್ದು ಮೂವತ್ತೆರಡು, ಮೂವತ್ಮೂರು, ಮತ್ತೆ ಮೂವತ್ತೆರಡು. ಪಾಸಾಗಲು ಮೂವತ್ತೈದು ಬೇಕು. ನಾನು ತಾಳ್ಯದ ಕಡೆಯ ಒಂದು ಹೈಸ್ಕೂಲಿನ ಕನ್ನಡ ಪಂಡಿತ, ಹೆಸರು ಹಾಲಸ್ವಾಮಿ. ಇದರಿಂದ ನನಗೆ ಎಂಥ ಅವಮಾನವಾಯಿತೆಂದು ಇದುವರೆಗೆ ಯಾರೂ ಕೇಳಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ಆ ಎರಡು ಮೂರು ಅಂಕಗಳನ್ನು ನುಂಗುತ್ತಿದ್ದದ್ದು ಒಂದೇ ಪ್ರಶ್ನೆ. 'ಉಪಮೆಗೂ ರೂಪಕಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸಿ.' ಐದು ಅಂಕ. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಅದರ ಮೇಲೆ ಅದೇನು ಮೋಹವೋ, ಪ್ರತಿ ಸಲ ಕೇಳುತ್ತಿದ್ದರು. ಪಾಲಯ್ಯ ಪ್ರತಿ ಸಲ ಸೊನ್ನೆ ತೆಗೆದುಕೊಳ್ಳುತ್ತಿದ್ದ. ಐದನೆಯ ಸಲ 'ಉಪಮೆ ಹೆಣ್ಣು, ರೂಪಕ ಗಂಡು' ಎಂದು ಬರೆದು ಬಂದಿದ್ದ. ಆರನೆಯ ಸಲ 'ಇವೆರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ, ಜನ ಸುಮ್ಮನೆ ಹೇಳುತ್ತಾರೆ' ಎಂದು ಬರೆದಿದ್ದ.

ಸಾವಿರದ ಒಂಬೈನೂರ ಎಪ್ಪತ್ತಾರರ ಅಕ್ಟೋಬರ್ ಪರೀಕ್ಷೆ ಅವನಿಗೆ ಕೊನೆಯದು. ಪಶು ಆಸ್ಪತ್ರೆಯ ಸ್ಟಾಕ್‌ಮನ್ ಕೆಲಸಕ್ಕೆ ಅವನ ಹೆಸರು ಪಟ್ಟಿಯಲ್ಲಿತ್ತು. ಕುರಿಗೆ ಏನು ಕಾಯಿಲೆ ಬಂದರೂ ಡಾಕ್ಟರು ಮೊದಲು ಪಾಲಯ್ಯನನ್ನು ಕೇಳಿ ಆಮೇಲೆ ಪುಸ್ತಕ ತೆಗೆಯುತ್ತಿದ್ದರು. ಆದರೆ ಎಸ್ಸೆಸ್ಸೆಲ್ಸಿ ಪಾಸಾಗದೆ ಸರ್ಕಾರ ಅವನನ್ನು ಕುರಿಯ ಹತ್ತಿರಕ್ಕೆ ಬಿಡುವಂತಿರಲಿಲ್ಲ. ಬರುವ ಮಾರ್ಚಿಗೆ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಜನ್ಮಕ್ಕೆ ತಪ್ಪಿದಂತೆ.

ಅದಕ್ಕೇ ಅವನು ಸಂಜೆ ಸಂಜೆ ನನ್ನ ಮನೆ ಮುಂದಿನ ಹೊಂಗೆ ಮರದ ಕೆಳಗೆ ಬಂದು ಕೂರುತ್ತಿದ್ದ. ನಾನು ಹೇಳುತ್ತಿದ್ದೆ: "ಎರಡು ವಸ್ತುಗಳಿಗೆ ಹೋಲಿಕೆ ಹೇಳಿದರೆ ಉಪಮೆ. ಉಪಮೇಯ ಉಪಮಾನಗಳಲ್ಲಿ ಅಭೇದ ಹೇಳಿದರೆ ರೂಪಕ." ಅವನು ಭಕ್ತಿಯಿಂದ ಕೇಳಿ, ಎದ್ದು, ಪಂಚೆ ಕೊಡವಿ, "ಈಗ ಬಾಯಾಗೆ ಐತೆ ಮೇಷ್ಟ್ರೇ, ಹಟ್ಟಿ ಮುಟ್ಟಾದ್ರೊಳಗೆ ಹೋಗಿರ್ತೈತೆ" ಎನ್ನುತ್ತಿದ್ದ. ಒಂದು ದಿನ ನನಗೆ ರೇಗಿಹೋಯಿತು.

"ಲೇ ಪಾಲಯ್ಯ, ನಿನ್ನ ಹಿಂಡಿನಲ್ಲಿ ಎಷ್ಟು ಕುರಿ ಇವೆಯೋ?"

"ನೂರಾ ಎಂಬತ್ತು ಅವೆ."

"ಅದರಲ್ಲಿ ಒಂದು ತಪ್ಪಿಸಿಕೊಂಡರೆ ಗೊತ್ತಾಗುತ್ತದೇನು?"

"ಗೊತ್ತಾಗ್ದೆ ಏನ್ ಮೇಷ್ಟ್ರೇ! ಮುಖ ನೋಡಿದ್ರೆ ಅದರವ್ವ ಯಾರು, ಅಜ್ಜಿ ಯಾರು ಎಲ್ಲಾ ಹೇಳ್ತೀನಿ."

"ನೂರಾ ಎಂಬತ್ತು ಮುಖ ನೆನಪಿರುತ್ತೆ, ಎಂಟು ಅಲಂಕಾರ ನೆನಪಿರಲ್ಲ! ಹಾಗಾದರೆ ಅವನ್ನೂ ಕುರಿ ಅಂದುಕೊಂಡು ಹಿಂಡಿಗೆ ಸೇರಿಸಿಕೊಳ್ಳೋ, ಹೋಗು!"

ಇದು ಬೈಗುಳ. ಕನ್ನಡ ಬಲ್ಲ ಯಾರಿಗಾದರೂ ಇದು ಬೈಗುಳವೆಂದು ಗೊತ್ತಾಗುತ್ತದೆ. ಪಾಲಯ್ಯ ಮಾತ್ರ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಆಮೇಲೆ ಎದ್ದು ನಿಂತು ಕೈ ಮುಗಿದು ಹೊರಟುಹೋದ.

ಎಂಟು ದಿನ ಆಸಾಮಿ ಪತ್ತೆಯಿಲ್ಲ. ಒಂಬತ್ತನೆಯ ದಿನ ಅವನೇ ಬಂದು ನನ್ನನ್ನು ಹಟ್ಟಿಗೆ ಕರೆದುಕೊಂಡು ಹೋದ. ಅವನ ಹೆಂಡತಿ ಕಾಟಮ್ಮ ಕಂಬಳಿ ಹಾಸಿ "ಕುಂತ್ಕಳ್ರಿ ಮೇಷ್ಟ್ರೇ" ಎಂದಳು. ಪಾಲಯ್ಯ ರೊಪ್ಪದ ಬಾಗಿಲು ತೆಗೆದು, ಹೆಣ್ಣು ತೋರಿಸುವವನ ಗತ್ತಿನಲ್ಲಿ ಒಂದೊಂದೇ ಕುರಿಯನ್ನು ಈಚೆಗೆ ಬಿಟ್ಟ.

"ಇದು ಉಪಮೆ. ಪಕ್ಕದ ಕುರಿ ಹೆಂಗೆ ನಡೆದ್ರೆ ಹಂಗೇ ನಡಿತೈತೆ, ಅದು ಕುಂಟಿದ್ರೆ ಇದೂ ಕುಂಟ್ತೈತೆ. ಇವೆರಡು ಪ್ರಾಸ. ಒಂದು ಬ್ಯಾ ಅಂದ್ರೆ ಇನ್ನೊಂದು ಅದೇ ರಾಗದಾಗೆ ಬ್ಯಾ ಅನ್ನುತ್ತೆ. ಇದು ಶ್ಲೇಷೆ, ಎಡಗಡೆಯಿಂದ ನೋಡ್ರಿ, ಕರೀದು. ಹಂಗೇ ಈ ಕಡೆ ಬರ್ರಿ, ಬಿಳೀದು. ಇದು ಅತಿಶಯೋಕ್ತಿ, ಉಣ್ಣೆ ಕತ್ತರಿಸಕ್ಕೆ ಮುಟ್ಟಿದ್ರೆ ಸಾಕು ಪ್ರಾಣ ಹೋದಂಗೆ ಕಿರುಚ್ತೈತೆ."

ಹಿಂಡಿನ ಮುಂದೆ ಕೊರಳಿಗೆ ಗಂಟೆ ಕಟ್ಟಿಸಿಕೊಂಡು ಒಂದು ಮುದಿ ಮೇಕೆ ನಿಂತಿತ್ತು. "ಇದು?" ಎಂದೆ.

"ಇದು ಸಣ್ಣಕತೆಗೆ ಸಂಬಂಧಪಟ್ಟಿದ್ದು. ನಿರೂಪಕ. ಎಲ್ಲಾರ ಜತೆಗಿರ್ತೈತೆ, ಎಲ್ಲಾ ನೋಡ್ತೈತೆ, ಮುಂದೆ ಮುಂದೆ ಹೋಗ್ತೈತೆ. ಆದ್ರೆ ಇದು ಕುರಿ ಅಲ್ಲ."

ಇಪ್ಪತ್ತೆರಡು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಉತ್ತರ ಕೊಟ್ಟಿರಲಿಲ್ಲ. "ರೂಪಕ ಎಲ್ಲಿ?" ಎಂದು ಆತುರದಿಂದ ಕೇಳಿದೆ. ಅವನು ಕೊಬ್ಬಿದ ಕಂದು ಬಣ್ಣದ ಟಗರೊಂದನ್ನು ಎಳೆದು ತಂದ.

"ಇದು ಯಾಕೆ ರೂಪಕ?"

"ಯಾಕೆ ಅಂತ ನಂಗೂ ತಿಳಿವಲ್ದು ಮೇಷ್ಟ್ರೇ. ರೂಪಕ ಅರ್ಥ ಆಗಿಲ್ಲ, ಅದಕ್ಕೇ ಭಾಳ ದೊಡ್ಡದಕ್ಕೆ ಇಟ್ಟೀನಿ. ಇದರ ಮುಖ ನೋಡಿದ್ರೆ ಸಾಕು, ನೀವು ಹೇಳಿದ್ದು ಹಂಗೇ ಬರ್ತೈತೆ." ಅವನು ಟಗರಿನ ಗಲ್ಲ ಹಿಡಿದು ಮುಖ ನೋಡುತ್ತ, "ಉಪಮೇಯ ಉಪಮಾನಗಳಲ್ಲಿ ಅಭೇದ ಹೇಳಿದರೆ ರೂಪಕ" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಟಗರು ಮೆಲುಕು ಹಾಕುತ್ತಿತ್ತು.

ಆ ಮೇಲಿನ ಒಂದು ತಿಂಗಳು ನಮ್ಮ ಸುತ್ತಿನಲ್ಲಿ ಸಾಹಿತ್ಯಕ್ಕೆ ಬಂದ ಮರ್ಯಾದೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವ ಹಾಗೂ ಕಾಣೆ. ಹಟ್ಟಿಯ ಹೆಂಗಸರು ನೀರಿಗೆ ಹೋಗುವಾಗ "ಶ್ಲೇಷೆಗೆ ಕಾಲು ಉಳುಕೈತಂತೆ" ಎಂದು ಮಾತಾಡಿಕೊಂಡರು. ನಮ್ಮ ನೆರೆಮನೆಯ ಓಬಕ್ಕ ತನ್ನ ತೊಗರಿ ಹೊಲಕ್ಕೆ ಅತಿಶಯೋಕ್ತಿ ನುಗ್ಗಿತೆಂದು ನನ್ನ ಮನೆ ಬಾಗಿಲಿಗೆ ಬಂದು ಜಗಳಾಡಿದಳು. "ಹೆಸ್ರು ನಿಂದು ತಾನೆ ಮೇಷ್ಟ್ರೇ, ನೀನೇ ಕಟ್ಟಾಕ್ಕ" ಎಂದಳು. ನನ್ನ ಹೆಂಡತಿ ದಾಕ್ಷಾಯಣಮ್ಮ ಒಳಗಿನಿಂದ ನಗುತ್ತಿದ್ದುದು ನನಗೆ ಚೆನ್ನಾಗಿ ಕೇಳಿಸಿತು.

ಪರೀಕ್ಷೆಗೆ ಹದಿನೈದು ದಿನವಿರುವಾಗ ಹೊಸದುರ್ಗದಿಂದ ಕಾಟಮ್ಮನ ತಮ್ಮ ಸಣ್ಣಪ್ಪ ಬಂದ. ಕಚೇರಿಯೊಂದರಲ್ಲಿ ಗುಮಾಸ್ತೆ, ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸು, ಅದನ್ನು ಮಾತು ಮಾತಿಗೂ ಹೇಳುವ ಚಾಳಿ. ಜೊತೆಗೆ ಅವನ ತಾಯಿ ಹುಚ್ಚಕ್ಕ. ಹೆಣ್ಣಿನ ತವರಿನವರು ಬಂದಾಗ ಕುರಿ ಕಡಿಯದಿದ್ದರೆ ಅವರ ಮುಖಕ್ಕೆ ಬಾಗಿಲು ಹಾಕಿದಂತೆಂದು ಆ ಹಟ್ಟಿಯ ಲೆಕ್ಕ. ಯಾವ ಕುರಿ ಎಂದು ಬಂದವರೇ ಕೈ ಮಾಡಿ ತೋರಿಸುವುದೂ ಉಂಟು. ಸಣ್ಣಪ್ಪ ರೊಪ್ಪದ ಬೇಲಿಗೆ ಒರಗಿ ನಿಂತು, ಸಿಗರೇಟಿನ ತುದಿಯಿಂದ ನೇರವಾಗಿ ರೂಪಕವನ್ನು ತೋರಿಸಿದ.

ಪಾಲಯ್ಯ ಅವನ ಕೈ ಹಿಡಿದುಕೊಂಡನಂತೆ. "ಅದೊಂದು ಬ್ಯಾಡ ಕಣೋ ಸಣ್ಣಪ್ಪ. ಅತಿಶಯೋಕ್ತಿ ತಿನ್ನು. ಬ್ಯಾಡ ಅಂದ್ರೆ ಪ್ರಾಸ ಎರಡನ್ನೂ ಕಡೀತೀನಿ, ಊರಿಗೂ ಕಟ್ಕಂಡು ಹೋಗು. ರೂಪಕ ಐದು ಅಂಕದ್ದು!"

"ನೋಡವ್ವ, ಬಾಮೈದುನಿಗೆ ಬಡಕಲು ಕುರಿ ತೋರಿಸ್ತಾನೆ" ಎಂದ ಸಣ್ಣಪ್ಪ.

ಹುಚ್ಚಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡಿದಳು. "ನನ್ನ ಮಗಳನ್ನ ಇಂಥೋನಿಗೆ ಕೊಟ್ನಲ್ಲಪ್ಪಾ! ಒಂದು ಟಗರಿಗೆ ಲೆಕ್ಕ ಹಾಕ್ತಾನಲ್ಲಪ್ಪಾ! ಏಳೋ ಸಣ್ಣಪ್ಪ, ಹೋಗಾಣ, ಇಲ್ಲಿ ನೀರು ಸೈತ ಕುಡಿಯಾದು ಬ್ಯಾಡ."

ಅಷ್ಟಾದ ಮೇಲೆ ಇನ್ನೇನು ಉಳಿಯಿತು! ಮಧ್ಯಾಹ್ನ ಪಾಲಯ್ಯ ಎರಡು ಮೈಲಿ ಓಡಿ ಬಂದು ನನ್ನ ತರಗತಿಯ ಬಾಗಿಲಲ್ಲಿ ನಿಂತ. ಕಣ್ಣಲ್ಲಿ ನೀರು.

"ಮೇಷ್ಟ್ರೇ, ರೂಪಕ ಒಲೆ ಮ್ಯಾಲೈತೆ."

ಎಂಟನೇ ಕ್ಲಾಸಿನ ನಲವತ್ತು ಮಕ್ಕಳು ನೋಟ್ ಪುಸ್ತಕದಲ್ಲಿ ಅದನ್ನು ಬರೆದುಕೊಂಡವು. ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಿದೆ. "ಇನ್ನೊಂದು ಟಗರಿಗೆ ಅದೇ ಹೆಸರು ಇಟ್ಟರಾಯಿತು ಬಿಡೋ."

"ಇವತ್ತು ಸತ್ತಿದ್ದರ ಹೆಸ್ರು ನಾಳೆ ಇಟ್ರೆ ಆ ಕುರೀನೂ ಉಳಿಯಲ್ಲ ಮೇಷ್ಟ್ರೇ. ಮುಖಾನೇ ಹೋತು. ಆ ಮಾತು ಇನ್ನ ನನ್ನ ಬಾಯಿಗೆ ಬರಲ್ಲ."

ನಿಜವಾಗಿಯೂ ಬರಲಿಲ್ಲ. "ಉಪಮೇಯ" ಎಂದು ಶುರುಮಾಡುತ್ತಿದ್ದ, ಕಣ್ಣು ತುಂಬಿಕೊಳ್ಳುತ್ತಿದ್ದ, ಅಲ್ಲಿಗೆ ನಿಲ್ಲುತ್ತಿತ್ತು. ಪರೀಕ್ಷೆಗೆ ಒಂದು ವಾರ ಇರುವಾಗ ಬರುವುದನ್ನೂ ನಿಲ್ಲಿಸಿಬಿಟ್ಟ. ಕುರಿ ಈಯುವ ಕಾಲ, ಹಟ್ಟಿಯಲ್ಲಿ ಕೈತುಂಬ ಕೆಲಸವೆಂದು ಹೇಳಿ ಕಳಿಸಿದ. ನಾನು ಅವನ ಆಸೆ ಬಿಟ್ಟೆ.

ಪರೀಕ್ಷೆ ಹೊಳಲ್ಕೆರೆಯಲ್ಲಿ. ನನಗೂ ಅದೇ ಕೇಂದ್ರದಲ್ಲಿ ಡ್ಯೂಟಿ. ಆದರೆ ಕನ್ನಡ ಪತ್ರಿಕೆಯ ದಿನ ಕನ್ನಡ ಪಂಡಿತ ಕೊಠಡಿಯೊಳಗೆ ಕಾಲಿಡುವಂತಿಲ್ಲವಾದ್ದರಿಂದ ಆಫೀಸಿನಲ್ಲಿ ಕೂತು ಉತ್ತರಪತ್ರಿಕೆಗಳ ಬಂಡಲಿಗೆ ದಾರ ಸರಿಮಾಡುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಬ್ಯಾ ಕೇಳಿಸಿತು. ಹಿಂದೆಯೇ ಅದೇ ರಾಗದಲ್ಲಿ ಇನ್ನೊಂದು. ದಾರ ಬಿಟ್ಟು ಎದ್ದು ನಿಂತೆ.

ನಡೆದದ್ದನ್ನು ಆ ಕೊಠಡಿಯ ಮೇಲ್ವಿಚಾರಕಿ ಜಯಕ್ಕ ಓಡಿ ಬಂದು ಹೇಳಿದರು. ಗಂಡನಿಗೆ ಧೈರ್ಯವಿರಲೆಂದು ಕಾಟಮ್ಮ, ಅವನು ಪರೀಕ್ಷೆಗೆಂದು ಊರು ಬಿಟ್ಟ ಮೇಲೆ, ಅವನಿಗೂ ಹೇಳದೆ ಮೂವತ್ತು ಕುರಿ ಹೊಡೆದುಕೊಂಡು, ಎರಡು ದಿನ ಮೇಯಿಸುತ್ತ ಬಂದು, ಶಾಲೆಯ ಹಿಂದಿನ ಬೀಳು ಜಮೀನಿನಲ್ಲಿ ಬಿಟ್ಟಿದ್ದಳು. ಪಾಲಯ್ಯ ಪ್ರಶ್ನೆಗಳನ್ನು ತುಟಿ ಅಲ್ಲಾಡಿಸಿ ಓದುವವನು. 'ಶ್ಲೇಷೆ ಎಂದರೇನು?' ಎಂದು ಓದಿದವನು, ಅಭ್ಯಾಸ ನೋಡಿ, ಕೊನೆಯಲ್ಲಿ ನಾಲಗೆ ಮಡಿಸಿ "ಟ್ರುವ್ವ್" ಎಂದು ಕರೆದಿದ್ದಾನೆ. ಕರೆದ ಮೇಲೆ ಅದು ಬಾರದೆ ಇರುತ್ತದೆಯೇ? ಬಂದು ಕಿಟಕಿಗೆ ಮುಂಗಾಲು ಕೊಟ್ಟು ನಿಂತಿದೆ. ಅದರ ಹಿಂದೆ ಉಪಮೆ, ಉಪಮೆಯ ಹಿಂದೆ ಪ್ರಾಸದ ಜೋಡಿ. ಕೊನೆಗೆ ನಿರೂಪಕ ಗಂಟೆ ಅಲ್ಲಾಡಿಸುತ್ತ ಬಾಗಿಲಿನಿಂದಲೇ ಒಳಗೆ ಬಂದಿದೆ.

ಅದೇ ಹೊತ್ತಿಗೆ ನಕಲು ಹಿಡಿಯುವ ಸ್ಕ್ವಾಡಿನ ಜೀಪು ಗೇಟಿನಲ್ಲಿ ನಿಂತಿತು. ತುರ್ತು ಪರಿಸ್ಥಿತಿಯ ದಿನಗಳು. ಸೊಳ್ಳೆ ಕೂಡ ಅನುಮತಿ ಪಡೆದು ಕಚ್ಚುತ್ತಿದ್ದ ಕಾಲ. ಸ್ಕ್ವಾಡಿನ ಮುಖ್ಯಸ್ಥ ದಾಸಣ್ಣನವರು ಚಿತ್ರದುರ್ಗದಿಂದ ಬಂದವರು, ನಗುವುದು ಕಾನೂನುಬಾಹಿರವೆಂದು ತಿಳಿದವರು. ಪಾಲಯ್ಯನನ್ನೂ ಕುರಿಗಳನ್ನೂ ಅಂಗಳಕ್ಕೆ ಹೊರಡಿಸಿ ವಿಚಾರಣೆ ಶುರುಮಾಡಿದರು.

"ಈ ಕುರಿ ಯಾರವು?"

"ನಮ್ಮವೇ ಸ್ವಾಮಿ."

"ಪರೀಕ್ಷಾ ಕೊಠಡಿಗೆ ಯಾಕೆ ಬಂದವು?"

"ನಾನೇ ಕರೆದೆ. ಬೇಕೂಂತ ಅಲ್ಲ ಸ್ವಾಮಿ, ಪ್ರಶ್ನೆ ಓದಿದೆ."

"ಪ್ರಶ್ನೆ ಓದಿದರೆ ಕುರಿ ಯಾಕಯ್ಯಾ ಬರಬೇಕು?"

"ಪ್ರಶ್ನೇಲಿ ಇದರ ಹೆಸ್ರು ಐತಲ್ಲ ಸ್ವಾಮಿ!"

ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಒಂದೊಂದೇ ಕುರಿಯನ್ನು ಮುಂದೆ ನಿಲ್ಲಿಸಿ ಯಾವುದು ಯಾವ ಪಾಠದ್ದು, ಎಷ್ಟು ಅಂಕದ್ದು ಎಂದು ವಿವರಿಸಿಬಿಟ್ಟ. ದಾಸಣ್ಣನವರು ಎಲ್ಲವನ್ನೂ ಬರೆದುಕೊಂಡು, ನಿಯಮಗಳ ಪುಸ್ತಕ ತೆರೆದರು. "ಸಾಮೂಹಿಕ ನಕಲು. ಅಭ್ಯರ್ಥಿಯನ್ನು ಮೂರು ವರ್ಷ ಡಿಬಾರ್ ಮಾಡತಕ್ಕದ್ದು. ವಶಪಡಿಸಿಕೊಂಡ ಸಾಮಗ್ರಿಯನ್ನು ಉತ್ತರಪತ್ರಿಕೆಗೆ ಲಗತ್ತಿಸಿ, ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ಬೋರ್ಡಿಗೆ ಕಳಿಸತಕ್ಕದ್ದು."

ಕೇಂದ್ರದ ಅಧೀಕ್ಷಕ ಗೋವಿಂದಪ್ಪನವರು ಮೂವತ್ತು ಕುರಿಗಳ ಕಡೆ ಒಮ್ಮೆ, ಕೈಯಲ್ಲಿದ್ದ ಅರಗಿನ ತುಂಡಿನ ಕಡೆ ಒಮ್ಮೆ ನೋಡಿದರು. "ಲಕೋಟೆ ಯಾವ ಸೈಜು ತರಿಸಲಿ ಸಾರ್?" ಎಂದು ಕೇಳಿದರು. ಅವರಿಗೆ ನಿವೃತ್ತಿಗೆ ಎರಡೇ ತಿಂಗಳಿತ್ತು.

ಮೂರು ವರ್ಷವೆಂಬ ಮಾತು ಕೇಳಿ ಪಾಲಯ್ಯ ನೆಲಕ್ಕೆ ಕುಸಿದು ಕೂತ. ಈಗ ನನ್ನನ್ನು ತಜ್ಞನೆಂದು ಕರೆಸಿದರು. "ಇವನು ನಿಮಗೆ ಗೊತ್ತೇ?" ಎಂದರು ದಾಸಣ್ಣ. ನಾನು ಹೆಂಡತಿ ಮಕ್ಕಳಿರುವವನು. "ಇಲ್ಲ, ಎಲ್ಲೋ ನೋಡಿದ ನೆನಪು" ಎಂದೆ. ಆ ನಿರೂಪಕ ಎನ್ನುವ ದರಿದ್ರ ಮೇಕೆ ಸೀದಾ ಬಂದು ನನ್ನ ಪಂಚೆಯ ತುದಿಯನ್ನು ಪರಿಚಯದ ಸಲಿಗೆಯಿಂದ ಅಗಿಯತೊಡಗಿತು.

"ಓಹೋ!" ಎಂದರು ದಾಸಣ್ಣ. "ಹಾಗಾದರೆ ಇದರಲ್ಲಿ ಉಪಮೆ ಯಾವುದು, ತೋರಿಸಿ ಪಂಡಿತರೇ."

ನೋಡಿದೆ. ಮೂವತ್ತೂ ಕುರಿ, ಮೂವತ್ತಕ್ಕೂ ಕುರಿಯ ಮುಖ. ಬೆವರುತ್ತ ಒಂದನ್ನು ತೋರಿಸಿದೆ. "ಅದು ಅತಿಶಯೋಕ್ತಿ ಮೇಷ್ಟ್ರೇ" ಎಂದು ಪಾಲಯ್ಯ ಕೂತಲ್ಲಿಂದಲೇ ಅಳುವ ದನಿಯಲ್ಲಿ ತಿದ್ದಿದ. ಅಂಗಳದ ಸುತ್ತ ಸೇರಿದ್ದ ಜನ ನಕ್ಕರು.

ಆಗ ನನಗೆ ಕೊಂಚ ಬುದ್ಧಿ ಬಂತು. "ಸಾರ್, ಪಂಡಿತನಾದ ನನಗೇ ಓದಲು ಬಾರದ್ದು ನಕಲು ಚೀಟಿ ಹೇಗಾದೀತು?" ಎಂದೆ.

"ಹಾಗಿದ್ದರೆ ಇದು ಗುಪ್ತಲಿಪಿ. ಇನ್ನೂ ದೊಡ್ಡ ಅಪರಾಧ" ಎಂದು ದಾಸಣ್ಣನವರು ಡಿಬಾರ್ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಸಹಿಗೆ ಮುಂಚೆ ಉತ್ತರಪತ್ರಿಕೆ ಪರಿಶೀಲಿಸಬೇಕೆಂದು ನಿಯಮ. ತೆರೆದರು. ಮೊದಲ ಪುಟದ ಮೊದಲ ಉತ್ತರವೇ ಉಪಮೆ ಮತ್ತು ರೂಪಕದ ವ್ಯತ್ಯಾಸ.

"ರೂಪಕವನ್ನು ಮುಂದೆ ತನ್ನಿ."

ಪಾಲಯ್ಯ ಕಾಟಮ್ಮನ ಕಡೆ ನೋಡಿದ.

"ಎಲ್ಲಿ ಬಚ್ಚಿಟ್ಟಿದ್ದೀರಿ ರೂಪಕವನ್ನು?"

ಕಾಟಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಅದನ್ನ ನಮ್ಮ ತಮ್ಮ ತಿಂದು ಹದಿನೈದು ದಿನ ಆತು ಸ್ವಾಮಿ. ಬೇಕಾದ್ರೆ ಹೊಸದುರ್ಗಕ್ಕೆ ಹೋಗಿ ಅವನಿಗೇ ಅರಗಿನ ಮುದ್ರೆ ಹಾಕ್ಕಳ್ರಿ."

"ಮತ್ತೆ ಈ ಉತ್ತರ ಹೇಗೆ ಬರೆದ?" ದಾಸಣ್ಣನವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದರು. ಪಾಲಯ್ಯ ಬರೆದದ್ದು ಹೀಗಿತ್ತು:

'ನನ್ನ ರೂಪಕವನ್ನು ಬಾಮೈದ ತಿಂದ ಕಾರಣ ಬೇರೆ ಉದಾಹರಣೆ ಕೊಡುತ್ತೇನೆ. ಹೋದ ವಾರ ನಮ್ಮ ಒಂದು ಕುರಿ ಈದು ಸತ್ತಿತು, ಅದರ ಮರಿ ಉಳಿಯಿತು. ಅದೇ ದಿನ ಇನ್ನೊಂದು ಕುರಿಯ ಮರಿ ಸತ್ತಿತು. ತಬ್ಬಲಿ ಮರಿಯನ್ನು ಆ ತಾಯಿಯ ಹತ್ತಿರ ಬಿಟ್ಟೆವು. ಅದು ಮೂಸಿ ನೋಡಿ, ನನ್ನ ಮರಿಯ ಹಾಗಿದೆ, ಆದರೆ ನನ್ನದಲ್ಲ ಎಂದು ಒದೆಯಿತು. ಇದು ಉಪಮೆ. ಆಮೇಲೆ ನನ್ನ ಹೆಂಡತಿ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಗೆ ಅಂಗಿ ಹೊಲಿದು ತೊಡಿಸಿದಳು. ತಾಯಿ ಮತ್ತೆ ಮೂಸಿತು. ಇದು ನನ್ನ ಮರಿಯೇ ಎಂದು ಹಾಲು ಕೊಟ್ಟಿತು. ಇದು ರೂಪಕ. ಉಪಮೆಯಿಂದ ಹೊಟ್ಟೆ ತುಂಬುವುದಿಲ್ಲ, ರೂಪಕದಿಂದ ಮರಿ ಬದುಕುತ್ತದೆ. ಇದೇ ಇವೆರಡಕ್ಕೂ ಇರುವ ವ್ಯತ್ಯಾಸ.'

ಅಂಗಳದಲ್ಲಿ ಯಾರೂ ನಗಲಿಲ್ಲ. ಜಯಕ್ಕ ಮೂಗು ಒರೆಸಿಕೊಂಡರು. ನನಗೋ ಹೊಟ್ಟೆ ಉರಿದುಹೋಯಿತು, ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆಗಬಹುದೆಂದು ಅವತ್ತೇ ಗೊತ್ತಾದದ್ದು. ದಾಸಣ್ಣನವರು ಆ ಪುಟವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು.

"ಆ ತಾಯಿ, ಆ ಮರಿ ಈ ಹಿಂಡಿನಲ್ಲಿ ಇವೆಯೇ?" ಎಂದರು. ದನಿ ತಗ್ಗಿತ್ತು.

"ಬಾಣಂತೀನ ಇಷ್ಟು ದೂರ ನಡೆಸ್ಕಂಡು ಬರ್ತಾರೇನ್ರಿ ಸ್ವಾಮಿ? ಹಟ್ಟೀಲಿ ಅವೆ" ಎಂದಳು ಕಾಟಮ್ಮ, ಸ್ವಲ್ಪ ಸಿಟ್ಟಿನಿಂದಲೇ.

"ಅಂದಮೇಲೆ ಈ ಉತ್ತರ ಯಾವ ಕುರಿಯನ್ನೂ ನೋಡಿ ಬರೆದದ್ದಲ್ಲ." ದಾಸಣ್ಣನವರು ಡಿಬಾರ್ ಕಾಗದವನ್ನು ನಾಲ್ಕಾಗಿ ಮಡಿಚಿ ಅಲ್ಲಿಯೇ ಇದ್ದ ಶ್ಲೇಷೆಯ ಬಾಯಿಗಿಟ್ಟರು. ಅದು ತಿಂದಿತು. "ಹೋಗಿ ಬರೆಯಯ್ಯಾ. ಇನ್ನೂ ಮುಕ್ಕಾಲು ಗಂಟೆ ಇದೆ. ಕರೆಯುವುದು ಮಾತ್ರ ಬೇಡ."

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಪಾಲಯ್ಯನಿಗೆ ಕನ್ನಡದಲ್ಲಿ ಮೂವತ್ತೊಂಬತ್ತು. ಮಾರ್ಚಿಗೆ ಮುಂಚೆಯೇ ಶ್ರೀರಾಂಪುರಕ್ಕೆ ಸ್ಟಾಕ್‌ಮನ್ ಎಂದು ಆರ್ಡರೂ ಬಂತು. ಅದನ್ನು ಅರಿಸಿನ ಹಚ್ಚಿದ ತಟ್ಟೆಯಲ್ಲಿಟ್ಟುಕೊಂಡು ಗಂಡ ಹೆಂಡತಿ ನನ್ನ ಮನೆಗೆ ಬಂದರು. ಹೊಂಗೆ ಮರದ ಕೆಳಗೆ ನೆರೆಹೊರೆಯವರೆಲ್ಲ ಸೇರಿದ್ದರು. ಪಾಲಯ್ಯ ಉದ್ದಕ್ಕೆ ಬಿದ್ದು ನನ್ನ ಎರಡೂ ಕಾಲು ಹಿಡಿದುಕೊಂಡ. "ನೀವು ಕಲಿಸಿದ್ದು ಮೇಷ್ಟ್ರೇ, ಎಲ್ಲಾ ನೀವು ಕಲಿಸಿದ್ದು" ಎಂದ.

ನಾನು ಕಲಿಸಿದ್ದರಿಂದಲ್ಲವೆಂದು ಹೇಳಬೇಕಿತ್ತು. ನಾಲಗೆಯವರೆಗೆ ಬಂತು ಕೂಡ. ಆದರೆ ಓಬಕ್ಕ ನೋಡುತ್ತಿದ್ದಳು, ದಾಕ್ಷಾಯಣಮ್ಮ ನೋಡುತ್ತಿದ್ದಳು, ಇಷ್ಟು ಜನರ ಮುಂದೆ ನನ್ನ ಕಾಲಿಗೆ ಯಾರೂ ಬಿದ್ದಿರಲಿಲ್ಲ. ಸುಮ್ಮನೆ ನಿಂತು ಆಶೀರ್ವಾದದ ಕೈ ಎತ್ತಿದೆ.

ಕಾಟಮ್ಮ ತಟ್ಟೆ ಹಿಡಿದುಕೊಂಡು ನನ್ನ ಕೈಯನ್ನೂ ಗಂಡನ ಬೆನ್ನನ್ನೂ ಒಂದಿಷ್ಟು ಹೊತ್ತು ನೋಡಿದಳು.

"ಅಲ್ಲ ಮೇಷ್ಟ್ರೇ, ಆ ಮರಿಗೆ ಅಂಗಿ ಹೊಲಿದೋಳು ನಾನು. ನನ್ನ ಕಾಲಿಗೆ ಯಾರು ಬೀಳ್ತಾರೆ?"

ಪಾಲಯ್ಯ ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಕೈ ಇಳಿಸಿ, ಪಂಚೆ ಸರಿಮಾಡಿಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟೆ.